ಹಲ್ಲು ಡಾಕ್ಟರ ಸೈಲೆನ್ಸರ್

ಬೆಳಗ್ಗೆ ಕಾರಿನ ಗಾಜು ಒರೆಸಲು ಬಕೆಟ್ಟು ಹಿಡಿದು ಹೊರಗೆ ಬಂದ ಲೈಬ್ರರಿಯನ್ನರಿಗೆ ವೈಪರಿನ ಕೆಳಗೆ ಸಿಕ್ಕಿಸಿದ್ದ ಹಳದಿ ಕಾಗದವೊಂದು ಕಂಡಿತು. ಯಾವುದೋ ಜಾಹೀರಾತು ಇರಬೇಕೆಂದು ಎಳೆದು ಓದಿದರು. ಅರ್ಧ ಓದುವಷ್ಟರಲ್ಲಿ ಬಕೆಟ್ಟು ಕೈಜಾರಿ ಅವರ ಕಾಲ ಮೇಲೇ ಬಿತ್ತು.

ಕಾರಿಗೆ ಕಂಪನಿಯದಲ್ಲದ ಸೈಲೆನ್ಸರ್ ಇದೆ, ಅದರ ಅಬ್ಬರದಿಂದ ಬೀದಿಯ ನೆಮ್ಮದಿ ಕೆಟ್ಟಿದೆ ಎಂದು ಹೆಸರಿಲ್ಲದ ದೂರೊಂದು ಬಂದಿದೆಯಂತೆ. ಸಂಜೆ ಸಾರಿಗೆ ಇಲಾಖೆಯ ಇನ್ಸ್‌ಪೆಕ್ಟರು ಸದ್ದು ಅಳೆಯುವ ಮೀಟರಿನೊಂದಿಗೆ ಬರುತ್ತಾರಂತೆ. ಅಷ್ಟರೊಳಗೆ ಆ ಸೈಲೆನ್ಸರನ್ನು ಬಿಚ್ಚಿಸಿ, ಜಜ್ಜಿಸಿ, ಜಜ್ಜಿದ್ದನ್ನು ಅವರ ಮುಂದೆ ಹಾಜರುಪಡಿಸಬೇಕು. ಇಲ್ಲದಿದ್ದರೆ ಕಾರು ಜಪ್ತಿ.

ಈ ಕಾಗದ ಬೇರೆ ಯಾರಿಗೆ ಬಂದಿದ್ದರೂ ಅಷ್ಟು ನಗು ಬರುತ್ತಿರಲಿಲ್ಲ. ಲೈಬ್ರರಿಯನ್ನರು ತಮ್ಮ ಆಯುಷ್ಯವನ್ನೆಲ್ಲ ಊರಿನ ಜನರಿಗೆ ‘ಶ್’ ಎನ್ನುವುದರಲ್ಲೇ ಕಳೆದವರು. ಬೀದಿಯಲ್ಲಿ ಅವರ ಹೆಸರೇ ಶ್ ಸಾರ್. ಅಂಗಡಿಯಲ್ಲಿ ಅವರು ಸಕ್ಕರೆ ಕೇಳಿದರೆ ಅಂಗಡಿಯವನು ಕಿವಿಯನ್ನು ಅವರ ಬಾಯಿಯ ಹತ್ತಿರ ತರಬೇಕು. ಅಂಥವರ ಬಳಿ ಅಂಥ ಕಾರಿದ್ದದ್ದು ಇಲಿಯೊಂದು ಹುಲಿಯ ಗಂಟಲು ಬಾಡಿಗೆಗೆ ತಂದಂತಿತ್ತು.

ಕಾರು ತಂದದ್ದು ಅಮ್ಮನ ಮಂಡಿಗಾಗಿ. ಅಮ್ಮನಿಗೆ ಗೋಡೆ ಹಿಡಿಯದೆ ಒಂದು ಹೆಜ್ಜೆ ಇಡಲಾಗುತ್ತಿರಲಿಲ್ಲ. ದಿನಾ ಊರಿನ ಆಚೆ ತುದಿಯ ಚಿಕಿತ್ಸಾಲಯಕ್ಕೆ ಕರೆದೊಯ್ಯಬೇಕು. ಬಸ್ಸಿನ ಮೆಟ್ಟಿಲು ಅಮ್ಮನಿಗೆ ಬೆಟ್ಟ. ಆ ಹೊತ್ತಿಗೆ ಎರಡು ಮನೆ ಆಚೆಯ ಹಲ್ಲು ಡಾಕ್ಟರು ತೀರಿಕೊಂಡರು. ಅವರ ಹೆಂಡತಿ, “ನಿಮ್ಮ ತಾಯಿಗೆ ಅನುಕೂಲ ಆಗ್ಲಿ” ಎಂದು ಕಾರನ್ನು ತೀರ ಕಡಿಮೆಗೆ ಕೊಟ್ಟರು.

ಆ ದಪ್ಪ ಸೈಲೆನ್ಸರ್ ಹಾಕಿಸಿದವರು ಡಾಕ್ಟರೇ. “ದಿನವಿಡೀ ಆ ಸಣ್ಣ ಡ್ರಿಲ್ಲಿನ ಕುಂಯ್ ಕುಂಯ್ ಕೇಳಿ ಕೇಳಿ, ಸಂಜೆ ಒಂದು ದೊಡ್ಡ ಸದ್ದು ಬೇಕು ಅನ್ಸುತ್ತೆ ಕಣ್ರೀ” ಎನ್ನುತ್ತಿದ್ದರು. ಕ್ಲಿನಿಕ್ಕು ಮುಚ್ಚಿ ಬರುವಾಗ ಬೀದಿಯ ತಿರುವಿನಲ್ಲಿ ಎರಡು ಸಲ ಗುರ್ರ್, ಗುರ್ರ್ ಅನ್ನಿಸುವರು. ‘ಬರ್ಲಾ? ಬರ್ಲಾ?’ ಎಂದು ಕೇಳಿದ ಹಾಗೆ. ಆಮೇಲೆ ಉದ್ದಕ್ಕೆ ಒಂದು ಗರ್ಜನೆ. ಅದನ್ನು ಕೇಳಿದ್ದೇ ಹೆಂಡತಿ ಹೊರಗಿನ ದೀಪ ಹಾಕುವರು. ಟೈಲರಮ್ಮನ ಕುಂಟು ನಾಯಿ ಎದ್ದು ಬಾಲ ಅಲ್ಲಾಡಿಸುತ್ತ ಓಡುವುದು.

ಕಾರು ಕೈ ಬದಲಾದ ಮೇಲೂ ಆ ದೀಪ ತಪ್ಪಲಿಲ್ಲ. ಸಂಜೆ ಶ್ ಸಾರ್ ತಿರುವಿಗೆ ಬಂದರೆ ಸಾಕು, ಡಾಕ್ಟರ ಮನೆಯ ದೀಪ ಹೊತ್ತಿಕೊಳ್ಳುವುದು. ಕತ್ತಲಲ್ಲಿ ತಮಗೆ ಗೇಟು ಕಾಣಲಿ ಎಂದು ಆಕೆ ಎಷ್ಟು ಅಕ್ಕರೆಯಿಂದ ದೀಪ ಹಾಕುತ್ತಾರಲ್ಲ ಎಂದು ಅವರು ದಿನಾ ಆ ಕಡೆಗೆ ತಲೆಬಾಗಿಸಿ ಒಳಗೆ ಹೋಗುತ್ತಿದ್ದರು.

ಒಂದು ಸಂಗತಿಯನ್ನು ಮಾತ್ರ ಅವರು ಯಾರಿಗೂ ಹೇಳಿರಲಿಲ್ಲ. ತಿರುವಿನಲ್ಲಿ ಆ ಎರಡು ಗುರ್ರ್ ಈಗಲೂ ಕೇಳಿಸುತ್ತಿದ್ದವು. ಆಗ ಅವರ ಕಾಲು ಆಕ್ಸಿಲರೇಟರಿನ ಮೇಲಲ್ಲ, ಬ್ರೇಕಿನ ಮೇಲಿರುತ್ತಿತ್ತು. ಹಳೆಯ ಕಾರು, ಅದಕ್ಕೂ ಏನೋ ಅಭ್ಯಾಸ ಎಂದು ತಮಗೆ ತಾವೇ ಹೇಳಿಕೊಂಡಿದ್ದರು.

ಹಳದಿ ಕಾಗದದ ಸುದ್ದಿ ಹಾಲಿನವನಿಗಿಂತ ಮೊದಲು ಎಲ್ಲ ಮನೆ ತಲುಪಿತು. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದ ಎದುರುಮನೆಯವರು ಬನಿಯನ್ನಿನಲ್ಲೇ ಓಡಿಬಂದರು.

“ಅದು ನಾನು ಹಾಕ್ಸಿದ್ದಲ್ಲ ಸಾರ್. ಡಾಕ್ಟರು ಹಾಕ್ಸಿದ್ದು” ಎಂದರು ಶ್ ಸಾರ್.

“ಏನಂದ್ರಿ?”

ಶ್ ಸಾರ್ ಇನ್ನೊಂದು ಸಲ ಹೇಳಿದರು.

“ಅದೆಲ್ಲ ಕಾನೂನಿಗೆ ಬೇಡ ಕಣ್ರೀ. ಗಾಡಿ ಕಂಪನಿಯಿಂದ ಹೇಗೆ ಬಂತೋ ಹಾಗೇ ಇರ್ಬೇಕು. ಗಾಡಿ ಯಾರ ಹೆಸರಲ್ಲಿದೆಯೋ ಸದ್ದೂ ಅವರ ಹೆಸರಲ್ಲೇ!” ಗುಮಾಸ್ತರ ಮುಖ ಬಹಳ ದಿನದ ಮೇಲೆ ಕೇಸು ಸಿಕ್ಕ ಖುಷಿಯಲ್ಲಿ ಹೊಳೆಯುತ್ತಿತ್ತು.

“ಬಿಚ್ಚೋದೆಲ್ಲ ಯಾಕಣ್ಣ? ಬಾಯಿ ಕಟ್ಟಿದ್ರೆ ಆಯ್ತಪ್ಪ” ಎಂದು ಟೈಲರಮ್ಮ ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳ ದೊಡ್ಡ ಗಂಟನ್ನೇ ತಂದಳು. ತಾನೇ ಕುಕ್ಕರುಗಾಲಿನಲ್ಲಿ ಕೂತು ಅಳತೆಕೋಲಿನಿಂದ ಪೈಪಿನೊಳಕ್ಕೆ ತುರುಕಿದಳು. ಬೇಡ ಎನ್ನಲು ಶ್ ಸಾರ್ ಬಾಯಿ ತೆರೆದದ್ದೇನೋ ನಿಜ, ಆದರೆ ಆ ಸ್ವರ ಯಾರಿಗೂ ಕೇಳಿಸಲಿಲ್ಲ.

ಅಮ್ಮನನ್ನು ಕೂರಿಸಿಕೊಂಡು ಹೊರಟರೆ ಕಾರು ಕಂಬಳಿ ಹೊದ್ದ ಮುದುಕನಂತೆ ಗುಳುಗುಳು ಅನ್ನುತ್ತಿತ್ತು. ದೊಡ್ಡ ವೃತ್ತದ ಹತ್ತಿರ ಗುಳುಗುಳು ನಿಂತಿತು. ಒಂದು ಕ್ಷಣ ಮೌನ. ಆಮೇಲೆ ‘ಢಂ!’

ಬಣ್ಣಬಣ್ಣದ ಬಟ್ಟೆ ಚೂರುಗಳು ಆಕಾಶಕ್ಕೆ ಹಾರಿ, ಒಂದು ಕೆಂಪು ಚೂರು ಟ್ರಾಫಿಕ್ ಪೊಲೀಸನ ಟೋಪಿಯ ಮೇಲೆ ಬಂದು ಕೂತಿತು. ಪಾಪ, ಒಳ್ಳೆಯವನು. ಅದನ್ನು ತೆಗೆದು, ನೀಟಾಗಿ ಮಡಿಸಿ, ಕಿಟಕಿಯಿಂದ ಒಳಗೆ ಕೊಟ್ಟು, “ನಿಮ್ಮದೇ ಅಲ್ವಾ ಸಾರ್?” ಎಂದ. ಶ್ ಸಾರರ ಮುಖ ಆ ಬಟ್ಟೆಗಿಂತ ಕೆಂಪಗಾಗಿತ್ತು.

ಅಮ್ಮ ಮಾತ್ರ ಹಿಂದಕ್ಕೆ ತಿರುಗಿ ಖಾಲಿ ಸೀಟನ್ನೇ ನೋಡುತ್ತಿದ್ದರು.

“ಏನಮ್ಮ?”

“ಅದು ಸಿಡಿದಿದ್ದಲ್ಲ ಕಣೋ. ಕೆಮ್ಮಿದ್ದು. ಡಾಕ್ಟರು ಹಾಗೇ ಕೆಮ್ಮುತ್ತಿದ್ದಿದ್ದು.”

ಅಮ್ಮನನ್ನು ಚಿಕಿತ್ಸಾಲಯದಲ್ಲಿ ಬಿಟ್ಟು, ಲೈಬ್ರರಿಗೆ ರಜೆ ಹೇಳಿ, ಶ್ ಸಾರ್ ಗ್ಯಾರೇಜಿಗೆ ಹೋದರು. ಮೆಕ್ಯಾನಿಕ್ಕು ಕಾರಿನ ಕೆಳಗೆ ಮಲಗಿ ಅಲ್ಲಿಂದಲೇ ಮಾತಾಡಿದ.

“ಈ ಮಾಡೆಲ್ಲಿಗೆ ಹೊಸದು ಸಿಗಲ್ಲ ಸಾರ್. ಕಂಪನಿದು ಬಿಚ್ಚಿದಾಗ ಡಾಕ್ಟರು ಮನೆಗೆ ತಗೊಂಡು ಹೋಗಿದ್ರು. ಅದು ಸಿಕ್ಕಿದ್ರೆ ನಿಮ್ಮ ಪುಣ್ಯ.”

ಕಾರನ್ನು ಅಲ್ಲೇ ಬಿಟ್ಟು ಡಾಕ್ಟರ ಮನೆಗೆ ಹೋಗಿ ಬೆಲ್ಲು ಒತ್ತಲು ಬೆರಳು ಎತ್ತಿದ್ದರಷ್ಟೇ, ಬಾಗಿಲು ತೆರೆಯಿತು. ಬಾಗಿಲ ಪಕ್ಕದ ಕುರ್ಚಿಯ ಮೇಲೆ ಡಾಕ್ಟರ ಬಿಳಿ ಕೋಟಿನಲ್ಲಿ ಸುತ್ತಿದ ಉದ್ದನೆಯದೊಂದು ಮಲಗಿತ್ತು. ಮಗುವನ್ನು ಮಲಗಿಸಿದ ಹಾಗೆ ತಲೆಯ ಕಡೆ ಒಂದು ದಿಂಬು ಬೇರೆ.

“ಧೂಳು ಒರೆಸಿ ಎಣ್ಣೆ ಸವರಿದೀನಿ, ತಗೊಳ್ಳಿ” ಎಂದರು ಡಾಕ್ಟರ ಹೆಂಡತಿ.

“ನಾನು ಇದಕ್ಕೇ ಬರ್ತೀನಿ ಅಂತ ನಿಮಗೆ ಹೇಗೆ ಗೊತ್ತಾಯ್ತಕ್ಕ?”

“ಈ ಬೀದೀಲಿ ಗುಟ್ಟು ಅನ್ನೋದು ಎಲ್ಲಿದೆ ಹೇಳಿ.” ಆಕೆ ಅವರ ಕೈಗೆ ಅಂಟಿದ್ದ ಮಸಿ ನೋಡಿ ಒದ್ದೆ ಟವೆಲ್ಲು ತಂದುಕೊಟ್ಟರು. ಕುಡಿಯಲು ನೀರು ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, “ಸಂಜೆಯೊಳಗೆ ಹಾಕ್ಸಿಬಿಡ್ತೀರಲ್ವಾ? ಅವರು ಬರೋ ಹೊತ್ತಿಗೆ?”

“ಇನ್ಸ್‌ಪೆಕ್ಟರು ಬರೋ ಹೊತ್ತಿಗಾ? ಹಾಕ್ಸಿಬಿಡ್ತೀನಕ್ಕ.”

ಆಕೆ ನಕ್ಕರು.

ಗ್ಯಾರೇಜಿನಲ್ಲಿ ದಪ್ಪ ಸೈಲೆನ್ಸರಿಗೆ ಕೈ ಹಾಕಿದ ಮೆಕ್ಯಾನಿಕ್ಕು ಸರಕ್ಕನೆ ಕೈ ಹಿಂದಕ್ಕೆಳೆದುಕೊಂಡ. ಕಾರು ನಿಂತು ಅಷ್ಟು ಹೊತ್ತಾಗಿತ್ತು. ಇಂಜಿನ್ನು ಕಲ್ಲಿನಂತೆ ತಣ್ಣಗಿತ್ತು. ಪೈಪು ಮಾತ್ರ ಬೆಚ್ಚಗಿತ್ತು. ಸುಡುವ ಬಿಸಿಯಲ್ಲ, ಜ್ವರ ಬಂದವರ ಅಂಗೈಯ ಬಿಸಿ. ಅದನ್ನು ಪ್ರೆಸ್ಸಿಗಿಟ್ಟು ಅದುಮಿದಾಗ ಒಳಗಿನಿಂದ ಉದ್ದನೆಯ ನಿಟ್ಟುಸಿರೊಂದು ಹೊರಬಂತು.

“ಗಾಳಿ ಸಾರ್, ಒಳಗಿದ್ದ ಗಾಳಿ” ಎಂದ ಮೆಕ್ಯಾನಿಕ್ಕು. ಆದರೂ ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಹಳೆಯ ಸೈಲೆನ್ಸರ್ ಹಾಕಿದ ಕಾರು ಎಷ್ಟು ಸುಮ್ಮನಾಯಿತೆಂದರೆ, ಚಿಕಿತ್ಸಾಲಯದಿಂದ ಹೊರಟು ಅರ್ಧ ದಾರಿ ಬಂದ ಮೇಲೆ ಅಮ್ಮ, “ಸ್ಟಾರ್ಟ್ ಮಾಡಲ್ವೇನೋ?” ಎಂದು ಕೇಳಿದರು. ಬೀದಿಯ ತಿರುವು ಬಂತು. ಶ್ ಸಾರ್ ಕಿವಿಗೊಟ್ಟರು. ಏನೂ ಕೇಳಿಸಲಿಲ್ಲ. ನಾಯಿ ಏಳಲಿಲ್ಲ, ದೀಪ ಹೊತ್ತಲಿಲ್ಲ. ಅವರಿಗೆ ಸಮಾಧಾನವೂ ಆಯಿತು, ಯಾಕೋ ಸ್ವಲ್ಪ ಬೇಸರವೂ ಆಯಿತು.

ಇನ್ಸ್‌ಪೆಕ್ಟರು ಬಂದಾಗಿತ್ತು. ಸಣಕಲು ಮನುಷ್ಯ, ಮಾತು ಮೃದು. ತಾವು ಕೂತಿದ್ದ ಕುರ್ಚಿಯನ್ನು ಅಮ್ಮನಿಗೆ ಬಿಟ್ಟುಕೊಟ್ಟರು. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಮೀಟರು ನಿಲ್ಲಿಸಿ, ಕಾರಿನ ಆಕ್ಸಿಲರೇಟರನ್ನು ಜೋರಾಗಿ ಒತ್ತಿಸಿ ನೋಡಿದರು. ಬೀದಿಗೆ ಬೀದಿಯೇ ಮೀಟರಿನ ಸುತ್ತ ಸೇರಿತ್ತು.

“ಅರವತ್ತೆಂಟು. ಎಂಬತ್ತರೊಳಗೆ ಇದ್ರೆ ಆಯ್ತು. ಪಾಸ್” ಎಂದರು ಇನ್ಸ್‌ಪೆಕ್ಟರು. ಜಜ್ಜಿದ ಪೈಪನ್ನು ತಿರುಗಿಸಿ ನೋಡಿ ಜೀಪಿನೊಳಗೆ ಎಸೆದರು. ಕಾರು ಆಫ್ ಮಾಡಿಸಿ, ಇಂಜಿನ್ ನಂಬರನ್ನು ದಾಖಲೆಯೊಂದಿಗೆ ಹೊಂದಿಸಿ ನೋಡಲು ಕೀಲಿ ಇಸಿದುಕೊಂಡರು. “ಇಷ್ಟು ಒಳ್ಳೆ ಗಾಡಿ ಮೇಲೆ ಯಾರ್ರೀ ದೂರು ಕೊಟ್ಟಿದ್ದು?”

ಗುಮಾಸ್ತರು ಟೈಲರಮ್ಮನನ್ನು ನೋಡಿದರು. ಟೈಲರಮ್ಮ ಗುಮಾಸ್ತರನ್ನು ನೋಡಿದಳು.

ಬೆಳಕು ಬೂದಿಯ ಬಣ್ಣಕ್ಕೆ ತಿರುಗಿತ್ತು. ಇನ್ಸ್‌ಪೆಕ್ಟರು ಹಳದಿ ಕಾಗದ ಹರಿಯಲು ಎರಡೂ ಕೈಯಲ್ಲಿ ಹಿಡಿದರು. ಆಗ ತಿರುವಿನ ಕಡೆಯಿಂದ ಕೇಳಿಸಿತು.

ಗುರ್ರ್. ಗುರ್ರ್.

ಎಲ್ಲರೂ ತಿರುಗಿದರು. ತಿರುವಿನಲ್ಲಿ ಏನೂ ಇರಲಿಲ್ಲ. ಆಮೇಲೆ ಉದ್ದನೆಯ ಗರ್ಜನೆ ಎದ್ದು ಬೀದಿಯೊಳಕ್ಕೆ ಬರತೊಡಗಿತು. ರಸ್ತೆಯ ಒಣ ಎಲೆಗಳು ಎರಡು ಸಾಲಾಗಿ ಪಕ್ಕಕ್ಕೆ ಸರಿದು ದಾರಿ ಬಿಟ್ಟವು. ಕುಂಟು ನಾಯಿ ಎದ್ದು, ಬಾಲ ಅಲ್ಲಾಡಿಸುತ್ತ, ಇಲ್ಲದ ಚಕ್ರಗಳ ಪಕ್ಕದಲ್ಲೇ ಓಡಿಬಂತು. ಕಿಟಕಿಯ ಗಾಜುಗಳು ಹಲ್ಲು ಕಡಿದವು. ಗರ್ಜನೆ ಎಲ್ಲರ ಮುಖದ ಮೇಲೆ ಪೆಟ್ರೋಲಿನ ಬೆಚ್ಚನೆಯ ಉಸಿರು ಬಿಟ್ಟು ಹಾದುಹೋಗಿ, ಶ್ ಸಾರರ ಗೇಟಿನ ಮುಂದೆ, ಕಾರಿನ ಪಕ್ಕದಲ್ಲೇ ನಿಂತು, ಅಲ್ಲೇ ಗುರುಗುಟ್ಟತೊಡಗಿತು. ಡಾಕ್ಟರ ಮನೆಯ ದೀಪ ಹೊತ್ತಿಕೊಂಡಿತು.

ಮೀಟರು ನೂರ ಹದಿನಾಲ್ಕು ತೋರಿಸುತ್ತಿತ್ತು.

ಇನ್ಸ್‌ಪೆಕ್ಟರು ಬಗ್ಗಿ ಕಾರಿನ ಕೆಳಗೆ ನೋಡಿದರು. ಬಾನೆಟ್ಟಿನ ಮೇಲೆ ಕೈಯಿಟ್ಟರು. ಜೇಬಿನಲ್ಲಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡರು.

“ಇದು ಯಾರ ಸದ್ದು?”

“ಡಾಕ್ಟರದು” ಎಂದಿತು ಇಡೀ ಬೀದಿ.

“ಅವರೆಲ್ಲಿ?”

ಟೈಲರಮ್ಮ ಬೆರಳನ್ನು ಮೇಲಕ್ಕೆ ತೋರಿಸಿದಳು.

“ಮಹಡಿ ಮೇಲಾ?”

“ಇನ್ನೂ ಮೇಲೆ ಸಾರ್.”

ಇನ್ಸ್‌ಪೆಕ್ಟರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. “ನೋಡಿ, ಮೀಟರ್ ತೋರಿಸಿದ ಮೇಲೆ ನಾನು ಬಿಡೋ ಹಾಗಿಲ್ಲ. ನಮ್ಮ ಆಫೀಸಲ್ಲಿ ಮೀಟರ್ ನಂಬ್ತಾರೆ, ನನ್ನನ್ನ ನಂಬಲ್ಲ. ಯಾರ ಹೆಸರಲ್ಲಿ ಬರೀಲಿ?”

“ಗಾಡಿ ಯಾರ ಹೆಸರಲ್ಲಿದೆಯೋ ಸದ್ದೂ ಅವರ ಹೆಸರಲ್ಲೇ!” ಎಂದರು ಗುಮಾಸ್ತರು. ಎರಡು ಹೆಜ್ಜೆ ಹಿಂದೆ ಸರಿದಿದ್ದರೂ ಕಾನೂನು ಹೇಳುವಾಗ ಅವರ ನಾಲಿಗೆ ಹಿಂದೆ ಸರಿಯುತ್ತಿರಲಿಲ್ಲ.

ಶ್ ಸಾರ್ ಏನೋ ಹೇಳಿದರು. ಆ ಗದ್ದಲದಲ್ಲಿ ಅದು ಅವರಿಗೇ ಕೇಳಿಸಲಿಲ್ಲ. ಇನ್ಸ್‌ಪೆಕ್ಟರು ಜಪ್ತಿಯ ಚೀಟಿ ಬರೆದರು. “ಬೇಜಾರ್ ಮಾಡ್ಕೋಬೇಡಿ ಸಾರ್” ಎಂದು ಅವರ ಭುಜ ತಟ್ಟಿದರು. ಇಲಾಖೆಯ ಡ್ರೈವರೊಬ್ಬ ಕಾರು ಹತ್ತಿ ಹೊರಟ. ಹಾಲು ಕದ್ದ ಬೆಕ್ಕಿನಂತೆ ಒಂದಿಷ್ಟೂ ಸಪ್ಪಳವಿಲ್ಲದೆ ಕಾರು ತಿರುವಿನಲ್ಲಿ ಮರೆಯಾಯಿತು.

ಕಾರು ಹೋಯಿತು, ಹಿಂದೆಯೇ ಜೀಪೂ ಹೋಯಿತು. ಸದ್ದು ಗೇಟಿನ ಮುಂದೆಯೇ ಉಳಿಯಿತು.

ಬೀದಿಯ ಜನ ಒಬ್ಬೊಬ್ಬರಾಗಿ ಬಾಗಿಲು ಹಾಕಿಕೊಂಡರು. ಗುಮಾಸ್ತರಂತೂ ಕಿಟಕಿಯನ್ನೂ ಹಾಕಿಕೊಂಡರು. ಆಗ ಡಾಕ್ಟರ ಹೆಂಡತಿ ಮೆಟ್ಟಿಲಿಳಿದು ಬಂದರು. ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟಿದ್ದರು.

“ತಪ್ಪು ತಿಳ್ಕೋಬೇಡಿ. ದೂರು ಕೊಟ್ಟವಳು ನಾನೇ. ಕಾರು ಕಿತ್ಕೊಂಡು ಹೋಗ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ. ಸೈಲೆನ್ಸರ್ ಬದಲಾದ್ರೆ ಸಾಕಾಗಿತ್ತು ನಂಗೆ.”

“ನನ್ನಿಂದ ನಿಮಗೆ ಅಷ್ಟು ತೊಂದರೆ ಆಗಿತ್ತಾ ಅಕ್ಕ?”

“ಅಯ್ಯೋ, ನೀವು ದೇವರಂಥವರು. ಆದ್ರೆ ದಿನಾ ಸಂಜೆ ಇಬ್ಬರೂ ಒಟ್ಟಿಗೇ ಬರ್ತಿದ್ರಿ ನೋಡಿ. ನಿಮ್ಮ ಸದ್ದಿನಲ್ಲಿ ಅವರ ಸದ್ದು ನಂಗೆ ಸರಿಯಾಗಿ ಕೇಳಿಸ್ತಾನೇ ಇರ್ಲಿಲ್ಲ.”

ಬ್ರೇಕಿನ ಮೇಲಿದ್ದ ತಮ್ಮ ಕಾಲು ಶ್ ಸಾರರಿಗೆ ನೆನಪಾಯಿತು. ದಿನಾ ತಾವು ತಲೆಬಾಗಿಸಿದ ಆ ದೀಪವೂ ನೆನಪಾಯಿತು. ಅದು ತಮಗಾಗಿ ಹಚ್ಚಿದ್ದೇ ಅಲ್ಲ.

“ಅದಿರಲಿ ಅಕ್ಕ. ನಾಳೆ ಅಮ್ಮನ್ನ ಚಿಕಿತ್ಸೆಗೆ ಹೇಗೆ ಕರ್ಕೊಂಡು ಹೋಗ್ಲಿ?” ಎಂದರು ಅಳುವ ಸ್ವರದಲ್ಲಿ.

ಗೇಟಿನ ಮುಂದೆ ಗುರ್ರ್, ಗುರ್ರ್ ಎಂದಿತು.

ಡಾಕ್ಟರ ಹೆಂಡತಿಯ ಮುಖ ಅರಳಿತು. “ಕೇಳಿದ್ರಾ? ಅವರೇ ಕರ್ಕೊಂಡು ಹೋಗ್ತಾರಂತೆ! ಯಾರಿಗೂ ಇಲ್ಲ ಅಂದವರಲ್ಲ ನಮ್ಮೋರು.”

“ಬೇಡಮ್ಮಾ ಬೇಡ! ಮಂಡಿ ವಾಸಿಯಾಗಿದೆ ಅಂತ ಹೇಳಮ್ಮ ಅವರಿಗೆ!” ಗೋಡೆ ಹಿಡಿಯದೆ ಹೆಜ್ಜೆ ಇಡಲಾಗದ ಅಮ್ಮ ಕುರ್ಚಿಯಿಂದೆದ್ದು, ಸರಸರನೆ ಮೆಟ್ಟಿಲು ಹತ್ತಿ, ಒಳಗೆ ಹೋಗಿ, ಬಾಗಿಲಿಗೆ ಮೇಲಿನ ಚಿಲಕವನ್ನೂ ಕೆಳಗಿನ ಚಿಲಕವನ್ನೂ ಹಾಕಿಕೊಂಡರು. ಮಗ ಹೊರಗೆ ಉಳಿದದ್ದು ಆ ಗಾಬರಿಯಲ್ಲಿ ಅವರ ಗಮನಕ್ಕೇ ಬರಲಿಲ್ಲ.

“ನಾಳೆವರೆಗೆ ಯಾಕೆ, ನಿಮ್ಮನ್ನೇ ಈಗ ಒಂದು ಸುತ್ತು ಕರ್ಕೊಂಡು ಹೋಗ್ಲಿ ಬಿಡಿ. ಪಾಪ, ನಿಮಗೂ ಸುಸ್ತಾಗಿದೆ” ಎಂದು ಹೇಳಿ ಡಾಕ್ಟರ ಹೆಂಡತಿ ತಮ್ಮ ದೀಪದ ಕೆಳಗೆ ಹೋಗಿ ನಿಂತರು.

ಶ್ ಸಾರರಿಗೆ ಏನೂ ತೋಚಲಿಲ್ಲ. ತೋಚದಾಗ ತಾವು ಜೀವಮಾನವಿಡೀ ಮಾಡಿಕೊಂಡು ಬಂದದ್ದನ್ನೇ ಮಾಡಿದರು. ಬೆರಳನ್ನು ತುಟಿಯ ಮೇಲಿಟ್ಟು, ಖಾಲಿ ರಸ್ತೆಯ ಕಡೆಗೆ ತಿರುಗಿ, “ಶ್...” ಎಂದರು.

ಸದ್ದು ತಕ್ಷಣ ನಿಂತುಬಿಟ್ಟಿತು. ಇಷ್ಟು ವರ್ಷಗಳಲ್ಲಿ ಅಷ್ಟು ಬೇಗ ಅವರ ಮಾತು ಕೇಳಿದವರು ಬೇರೆ ಯಾರೂ ಇರಲಿಲ್ಲ.

ಆ ಮೌನದಲ್ಲಿ, ಅವರ ಮೊಣಕೈಯ ಪಕ್ಕದಲ್ಲೇ, ಕಾರಿನ ಬಾಗಿಲೊಂದು ಬಹಳ ಮರ್ಯಾದೆಯಿಂದ ‘ಕ್ಲಿಕ್’ ಎಂದು ತೆರೆದುಕೊಂಡಿತು.