ಎಡಿಟರ್ ಸಾಹೇಬರು ಪರದೆ ಕಟ್ ಮಾಡಿದ್ದು

‘ಕಟ್’ ಎಂಬ ಇಂಗ್ಲಿಷ್ ಪದದ ಮೇಲೆ ತಮಗಿರುವಷ್ಟು ಹಿಡಿತ ಸಾಕ್ಷಾತ್ ಇಂಗ್ಲಿಷರಿಗೂ ಇರಲಿಕ್ಕಿಲ್ಲ ಎಂಬುದು ಎಡಿಟರ್ ಸಾಹೇಬರ ದೃಢವಾದ ನಂಬಿಕೆಯಾಗಿತ್ತು. ಹಾಗೆ ನಂಬಲು ಕಾರಣವೂ ಇತ್ತು. ಅವರು ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವವರು. ಮನೆಯ ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು, ಆಕಳಿಸುವ ಬೀಗರನ್ನೂ ಊಟದ ಸಾಲಿನಲ್ಲಿ ಜಗಳಕ್ಕೆ ನಿಂತ ಚಿಕ್ಕಪ್ಪಂದಿರನ್ನೂ ಹೇಳಹೆಸರಿಲ್ಲದಂತೆ ಕಟ್ ಮಾಡುವುದೇ ಅವರ ಕಸುಬು. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಅಂಗಡಿ. ಅಲ್ಲೂ ಕತ್ತರಿಯದೇ ಕಾರುಬಾರು.

ಅಂದು ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡೇ ಸಾಹೇಬರು ಹೆಂಡತಿಗೂ ಅತ್ತೆಗೂ ಒಂದು ಭಾಷಣ ಬಿಗಿದರು.

“ಒಂದೇ ಪದ, ಆದ್ರೆ ಎಷ್ಟು ಕೆಲಸ ಮಾಡತ್ತೆ ನೋಡು. ಕರೆಂಟ್ ಕಟ್, ಹೇರ್ ಕಟ್, ಶಾರ್ಟ್ ಕಟ್. ಕ್ಲಾಸಿಗೆ ಹೋಗ್ದಿದ್ರೆ ಕಟ್, ಬಸ್ಸು ಎಡಕ್ಕೆ ತಿರುಗಿದ್ರೆ ಕಟ್ ಹೊಡೀತು ಅಂತೀವಿ. ಬಿಲ್ ಕಟ್ಟದೆ ಹೋದ್ರೆ ನೀರು ಕಟ್. ಗಮನಿಸಿದ್ಯಾ? ಕನ್ನಡದ ಕಟ್ಟು, ಇಂಗ್ಲಿಷಿನ ಕಟ್, ಎರಡೂ ಒಂದೇ ಸಾಲಲ್ಲಿ ಬಂತು. ಒಂದು ಕೂಡಿಸತ್ತೆ, ಇನ್ನೊಂದು ಬಿಡಿಸತ್ತೆ. ಈ ಸೂಕ್ಷ್ಮ ಎಲ್ಲರಿಗೂ ಹೊಳೆಯಲ್ಲ.”

“ಸಾಕು, ಕಟ್ ಮಾಡಿ,” ಎಂದಳು ಹೆಂಡತಿ. “ಅಮ್ಮನ್ನ ಕಣ್ಣಿನ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಅಂಗಡಿ ಕಡೆ ಸ್ವಲ್ಪ ಗಮನ ಇರ್ಲಿ.”

“ಸ್ವಲ್ಪ ಯಾಕೆ, ಪೂರ್ತಿ ನಾನೇ ನೋಡ್ಕೋತೀನಿ. ನೀನು ನಿಶ್ಚಿಂತೆಯಾಗಿ ಹೋಗಿ ಬಾ.”

ನಿಶ್ಚಿಂತೆ ಎಂಬ ಮಾತು ಕೇಳಿದ ಕೂಡಲೇ ಆಕೆಗೆ ಚಿಂತೆ ಹತ್ತಿತು. ಆದರೆ ಹೊತ್ತಾಗಿತ್ತು. ಅಮ್ಮನ ಕೈ ಹಿಡಿದು ಹೊರಟೇಬಿಟ್ಟಳು.

ಅಂಗಡಿಯ ದೊಡ್ಡ ಮೇಜಿನ ಮೇಲೆ ಪಕ್ಕದ ಬೀದಿಯ ಶಾಲೆಗೆಂದು ಹೊಲಿದ ರಂಗದ ಪರದೆ ಹರಡಿಕೊಂಡಿತ್ತು. ದಪ್ಪ ಕೆಂಪು ಮಖಮಲ್ಲು, ಕೆಳಗೆ ಬಂಗಾರದ ಬಣ್ಣದ ಅಂಚು. ಅಂದು ಸಂಜೆಯೇ ಮಕ್ಕಳ ನಾಟಕ. ಹೆಂಡತಿ ಬೇರೆಲ್ಲ ಬಟ್ಟೆಗಳನ್ನು ಬದಿಗಿಟ್ಟು, ಬೆನ್ನು ಬಗ್ಗಿಸಿ ಅದನ್ನು ಮುಗಿಸಿದ್ದಳು. ಸಾಹೇಬರು ಅದರ ಮೇಲೊಮ್ಮೆ ಕೈಯಾಡಿಸಿ, ಕಾವಲಿಗೆ ಕುರ್ಚಿ ಎಳೆದುಕೊಂಡು ಕೂತರು.

ಸ್ವಲ್ಪ ಹೊತ್ತಿಗೆ ಹೆಂಡತಿಯ ಫೋನ್ ಬಂತು. ಆಸ್ಪತ್ರೆಯ ಲಿಫ್ಟಿನೊಳಗಿಂದ ಮಾತಾಡುತ್ತಿದ್ದಳೋ ಏನೋ, ಮಾತು ಚೂರು ಚೂರಾಗಿ ಬೀಳುತ್ತಿತ್ತು.

“ರೀ, ಆ ಪರದೆ ಕಟ್... ಮಧ್ಯ... ಮಿಸ್... ಕಟ್ ಮಾಡ್...”

ಅಲ್ಲಿಗೆ ಲೈನೇ ಸತ್ತಿತು. ತಿರುಗಿ ಮಾಡಿದರೆ, ನೀವು ಕರೆ ಮಾಡಿದವರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ಯಾವುದೋ ಹೆಂಗಸು ನಯವಾಗಿ ಹೇಳಿದಳು.

ಬೇರೆಯವರಾಗಿದ್ದರೆ ಕಾಯುತ್ತಿದ್ದರು. ಆದರೆ ಮೈಕು ಕೈಕೊಟ್ಟ ಎಷ್ಟೋ ಮದುವೆಗಳಲ್ಲಿ, ಅರ್ಧಂಬರ್ಧ ದಾಖಲಾದ ಹಾರೈಕೆಗಳನ್ನು ಹೊಂದಿಸಿ ಕೊಟ್ಟ ಕಿವಿ ಅದು. ಸಾಹೇಬರು ಕಣ್ಣು ಮುಚ್ಚಿ ಚೂರುಗಳನ್ನು ಜೋಡಿಸಿದರು. ಪರದೆ. ಮಧ್ಯ. ಮಿಸ್. ಕಟ್ ಮಾಡಿ. ಪರದೆಯನ್ನು ಮಧ್ಯಕ್ಕೆ, ಮಿಸ್ ಆಗದ ಹಾಗೆ, ಕಟ್ ಮಾಡಿ. ಹಗಲಿನಷ್ಟು ಸ್ಪಷ್ಟ. ಅದೂ ಎರಡು ಸಲ ಕಟ್ ಅಂದಿದ್ದಾಳೆ ಎಂದರೆ ತುರ್ತು ಇರಬೇಕು.

ಪರದೆಯ ಎಡ ಬದಿಯನ್ನು ಬಲ ಬದಿಗೆ ಕೂಡಿಸಿ ಮಡಿಸಿದರು. ಮಡಿಕೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ತಾವೆಂದೂ ಮುಟ್ಟದ ದೊಡ್ಡ ಕತ್ತರಿಯನ್ನು ಎತ್ತಿಕೊಂಡರು. ಮಖಮಲ್ಲು ಬೆಣ್ಣೆಯಂತೆ ಬಿಟ್ಟುಕೊಟ್ಟಿತು. ಕಂಪ್ಯೂಟರಿನಲ್ಲಿ ಕಟ್ ಮಾಡುವಾಗ ಇಂಥ ಸದ್ದು, ಇಂಥ ಸುಖ ಎಲ್ಲಿ ಎಂದುಕೊಂಡರು. ಕೊನೆಗೆ ನೋಡಿದರೆ ಎರಡು ಭಾಗವೂ ಅವಳಿ ಜವಳಿ.

ಬೆವರು ಒರೆಸಿಕೊಳ್ಳುವಾಗ ಮತ್ತೆ ಫೋನ್ ಬಂತು. ಈಗ ಧ್ವನಿ ಗಂಟೆ ಬಾರಿಸಿದಂತಿತ್ತು.

“ಕಟ್ಟಿದ್ರಾ?”

“ಕಟ್ ಮಾಡ್ದೆ.”

“ಫೋನ್ ತಾನಾಗೇ ಕಟ್ ಆಯ್ತು, ನೀವು ಮಾಡಿದ್ದಲ್ಲ. ನಾನು ಕೇಳಿದ್ದು ಪರದೆ.”

“ನಾನು ಹೇಳ್ತಿರೋದೂ ಪರದೇನೇ. ಸರಿಯಾಗಿ ಮಧ್ಯಕ್ಕೆ. ಒಂದು ದಾರದ ಎಳೆ ಆಚೀಚೆ ಇಲ್ಲ.”

ಆ ಕಡೆಯಿಂದ ಸದ್ದಿಲ್ಲ. ಮತ್ತೆ ಲೈನ್ ಹೋಯಿತೆಂದು ಸಾಹೇಬರು, “ಹಲೋ, ಹಲೋ,” ಎಂದರು.

“ಲೈನ್ ಇದೆ. ನನ್ನ ಉಸಿರೇ ನಿಂತಿದೆ,” ಎಂದಳು ಹೆಂಡತಿ. “ಪರದೆ ಕಟ್ಟಿಡಿ, ಮಧ್ಯಾಹ್ನ ಸ್ಕೂಲಿನ ಹೆಡ್‌ಮಿಸ್ ಬರ್ತಾರೆ, ಫೋನ್ ಕಟ್ ಮಾಡ್ಬೇಡಿ ಅಂದೆ ರೀ ನಾನು. ಮಡಿಸಿ, ದಾರ ಸುತ್ತಿ, ಗಂಟು ಕಟ್ಟೋದು. ಕಟ್ಟೋದು.”

ಮಧ್ಯಾಹ್ನ ಎಂಬ ಪದದಲ್ಲಿ ಮಧ್ಯ ಅಡಗಿ ಕೂತಿರುವುದು ಸಾಹೇಬರಿಗೆ ಹೊಳೆದದ್ದು ಆಗಲೇ. ಎರಡು ಭಾಗಗಳನ್ನೂ ಪಕ್ಕಪಕ್ಕಕ್ಕಿಟ್ಟು ನೋಡಿದರು. ಕಂಪ್ಯೂಟರಿನಲ್ಲಾಗಿದ್ದರೆ ಒಂದು ಗುಂಡಿ ಒತ್ತಿದರೆ ಎಲ್ಲ ಮೊದಲಿನಂತಾಗುತ್ತಿತ್ತು. ಮೇಜಿನ ಮೇಲೆ, ಗೋಡೆಯ ಮೇಲೆ, ಹೊಲಿಗೆ ಯಂತ್ರದ ಮೇಲೆ ಎಲ್ಲೂ ಅಂಥ ಗುಂಡಿ ಕಾಣಲಿಲ್ಲ. ಇದ್ದದ್ದೆಲ್ಲ ಅಂಗಿಯ ಗುಂಡಿಗಳು.

ಹೆಂಡತಿ ಏದುಸಿರು ಬಿಡುತ್ತಾ ಒಳಗೆ ಬಂದಳು. ಹಿಂದೆಯೇ ಅತ್ತೆ. ಅವರ ಕಣ್ಣಿಗೆ ಔಷಧಿ ಹಾಕಿದ್ದರಿಂದ ಎಲ್ಲವೂ ಮಂಜು ಮಂಜು.

“ಅಳಿಯಂದ್ರೇ, ನನಗೆ ಎರಡೆರಡು ಪರದೆ ಕಾಣ್ತಿದೆ,” ಎಂದರು ಅತ್ತೆ ಗಾಬರಿಯಿಂದ.

“ನಿನ್ನ ಕಣ್ಣು ಸರಿಯಾಗೇ ಇದೆ ಅಮ್ಮ,” ಎಂದು ಹೆಂಡತಿ ತಲೆಯ ಮೇಲೆ ಕೈ ಹೊತ್ತು ಕೂತಳು.

ಅಷ್ಟರಲ್ಲಿ ಹೆಡ್‌ಮಿಸ್ ಬಾಗಿಲಿಗೇ ಬಂದರು. ಹೆಂಡತಿ ಎದ್ದು ನಿಂತಳು. ಅವಳ ಬಿಳುಚಿದ ಮುಖ ನೋಡಿ ಸಾಹೇಬರೇ ಒಂದು ಹೆಜ್ಜೆ ಮುಂದೆ ಬಂದರು.

“ಮೇಡಂ, ಹೊಲಿದವಳದ್ದು ತಪ್ಪಿಲ್ಲ. ಕಟ್ ಮಾಡಿದ್ದು ನಾನು. ಏನು ಬೈಯೋದಿದ್ರೂ ನನಗೇ ಬೈಯಿರಿ.”

ಹೆಡ್‌ಮಿಸ್ ಒಂದು ಭಾಗ ಎತ್ತಿ ನೋಡಿದರು. ಇನ್ನೊಂದು ಎತ್ತಿ ನೋಡಿದರು.

“ನಿಮಗೆ ಯಾರು ಹೇಳಿದ್ರು?” ಎಂದರು.

“ಏನು ಮೇಡಂ?”

“ಪರದೆ ಎರಡು ಭಾಗ ಆಗ್ಬೇಕು ಅಂತ. ಮೇಲಕ್ಕೆ ಎಳೆಯೋ ಗಾಲಿ ಮುರಿದುಹೋಗಿದೆ. ಎರಡು ಪಕ್ಕಕ್ಕೆ ಸರಿಯೋ ಹಾಗೆ ಕಂಬಿ ಹಾಕಿದೀನಿ ಅಂತ ಬಡಗಿ ಈಗ ತಾನೇ ಹೇಳ್ದ. ಇಷ್ಟು ಚೆಂದ ಹೊಲಿದಿರೋದನ್ನ ಮಧ್ಯಕ್ಕೆ ಕತ್ತರಿಸಿ ಅಂತ ಹೇಗಪ್ಪಾ ಕೇಳೋದು ಅಂತ ದಾರಿ ಪೂರ್ತಿ ಯೋಚಿಸ್ಕೊಂಡು ಬಂದೆ. ನೀವು ನೋಡಿದ್ರೆ ಆಗ್ಲೇ ಮಾಡಿಟ್ಟಿದೀರಿ.”

ಸಾಹೇಬರ ಬೆನ್ನು ತಾನಾಗಿಯೇ ನೆಟ್ಟಗಾಯಿತು. “ನಮ್ಮ ಕಸುಬಲ್ಲಿ ಇಂಥದ್ದನ್ನ ಮುಂಚೆನೇ ಊಹಿಸ್ಬೇಕಾಗತ್ತೆ ಮೇಡಂ,” ಎಂದರು. ಹೆಂಡತಿ ಅವರನ್ನು ಒಂದು ಬಗೆಯಾಗಿ ನೋಡಿದಳು. ಆದರೂ ತುಟಿಯಂಚಿನ ನಗು ತಡೆಯಲಾಗದೆ ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ಮುಖ ಆ ಕಡೆ ಮಾಡಿದಳು. ಕತ್ತರಿಸಿದ ಅಂಚನ್ನೆಲ್ಲ ಮಡಿಸಿ ಆಕೆ ಹೊಲಿದಳು. ಸಾಹೇಬರು ಮಖಮಲ್ಲಿನ ಭಾರ ಹೊತ್ತು, “ಎಳೀರಿ,” ಅಂದಾಗ ಎಳೆದು, “ಬಿಡಿ,” ಅಂದಾಗ ಬಿಟ್ಟರು.

ಸಂಜೆ ಕೆಂಪು ಪರದೆ ಮಧ್ಯದಲ್ಲಿ ಬಿರಿದು ಎರಡು ಕಡೆಗೂ ಜಾರಿದಾಗ, ತುಂಬಿದ ಸಭಾಂಗಣ ಉಸಿರೆಳೆದುಕೊಂಡು ಚಪ್ಪಾಳೆ ತಟ್ಟಿತು. ಹಿಂದಿನ ವರ್ಷ ಪರದೆ ಅರ್ಧಕ್ಕೇ ಸಿಕ್ಕಿಕೊಂಡು, ನಾಟಕ ಮುಗಿಯುವವರೆಗೂ ರಾಜನ ಮೊಣಕಾಲು ಮಾತ್ರ ಕಂಡಿತ್ತಂತೆ. ನಾಟಕ ಮುಗಿದ ಮೇಲೆ ಸಾಹೇಬರನ್ನೂ ಹೆಂಡತಿಯನ್ನೂ ಹೆಡ್‌ಮಿಸ್ ವೇದಿಕೆಗೆ ಕರೆದರು. ಹೆಂಡತಿ ನಾಚಿ ಕೈಮುಗಿದು ಪಕ್ಕಕ್ಕೆ ಸರಿದಳು. ಸಾಹೇಬರು ಮೈಕು ಹಿಡಿದರು.

“ಕಟ್ ಅನ್ನೋದು ಬರೀ ಪದ ಅಲ್ಲ,” ಎಂದು ಶುರುವಾಯಿತು. ಕರೆಂಟ್ ಬಂತು, ಬಸ್ಸು ಬಂತು, ನೀರಿನ ಬಿಲ್ ಬಂತು. ಮುಂದಿನ ಸಾಲಿನ ಮಕ್ಕಳು ತೂಕಡಿಸಿದರು. ವೇದಿಕೆಯ ಪಕ್ಕದಿಂದ ಹೆಂಡತಿ ಮೆಲ್ಲಗೆ, “ಕಟ್, ಕಟ್,” ಎಂದಳು. ತಾನು ಯಾವುದೋ ಅರ್ಥ ಮರೆತಿದ್ದೇನೆ, ಪಾಪ ನೆನಪಿಸುತ್ತಿದ್ದಾಳೆ ಎಂದುಕೊಂಡ ಸಾಹೇಬರು ಇನ್ನಷ್ಟು ಹುರುಪಿನಿಂದ ಶಾರ್ಟ್ ಕಟ್‌ನ ದಾರಿ ಹಿಡಿದರು.

ಹೆಂಡತಿ ಪರದೆಯ ಹಗ್ಗ ಎಳೆದಳು. ಎರಡು ಕಡೆಯಿಂದಲೂ ಮಖಮಲ್ಲು ಸದ್ದಿಲ್ಲದೆ ಬಂದು, ಸಾಹೇಬರ ಮೂಗಿನೆದುರೇ ಕೂಡಿಕೊಂಡಿತು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಸಂಜೆ ಅಂಥ ಚಪ್ಪಾಳೆ ಬೇರೆ ಯಾರಿಗೂ ಬಿದ್ದಿರಲಿಲ್ಲ.

ಸಾಹೇಬರು ಪರದೆಯ ಹಿಂದಿನಿಂದ ತಡಕಾಡಿಕೊಂಡು ಕೆಳಗಿಳಿದು ಬಂದರು. ಅತ್ತೆ ಮಂಜುಗಣ್ಣಿನಲ್ಲೇ ಅವರ ಕೈ ಹುಡುಕಿ ಹಿಡಿದುಕೊಂಡರು.

“ಕೊನೆ ತುಂಬಾ ಚೆನ್ನಾಗಿತ್ತು ಅಳಿಯಂದ್ರೇ,” ಎಂದರು. “ಅದನ್ನೂ ನೀವೇ ಕಟ್ ಮಾಡಿದ್ದಾ?”