ಜಿಂಕೆ ತೊಡೆಗೆ ಹತ್ತು ಗಂಟೆ ಕಾವಲು

"ಈ ಸಲ ಜಿಂಕೆ ತೊಡೆ ಹೇಗೆ ಬೇಯಬೇಕು ಅಂದ್ರೆ, ಚಮಚ ತೋರಿಸಿದ್ರೆ ಸಾಕು, ಎಳೆಎಳೆಯಾಗಿ ಬಿಚ್ಕೋಬೇಕು!" ಎಂದು ನಾನು ಅಡಿಗೆಮನೆಯಲ್ಲಿ ನಿಂತು ಘೋಷಿಸಿದೆ. ಕೇಳಿಸಿಕೊಂಡವಳು ನನ್ನ ಹೆಂಡತಿ ನೊಲೀನ್ ಒಬ್ಬಳೇ. ಅವಳು ಆಕಳಿಸಿದಳು.

ನನ್ನ ಹಟಕ್ಕೆ ಕಾರಣವಿತ್ತು. ಮಾವ ಆಲ್ಬಿ ಐವತ್ತು ವರ್ಷ ನಮ್ಮ ಸೌತ್‌ಲ್ಯಾಂಡ್‌ನ ಗುಡ್ಡಗಳಲ್ಲಿ ಜಿಂಕೆ ಹೊಡೆದವರು. ಈಗ ಮೊಣಕಾಲು ಕೈಕೊಟ್ಟು ಮೆಟ್ಟಿಲು ಹತ್ತುವುದೂ ಕಷ್ಟ. ಕಳೆದ ವರ್ಷ ಅವರ ಹುಟ್ಟುಹಬ್ಬಕ್ಕೆ ನಾನು ಮಾಡಿದ್ದ ಜಿಂಕೆ ಮಾಂಸವನ್ನು ಕಾಲು ಗಂಟೆ ಅಗಿದು, "ಬೂಟಿನ ಲೇಸು ಬಿಚ್ಚೋಕೆ ಮರ್ತಿದ್ದೀಯಾ, ಫರ್ಗಸ್?" ಎಂದಿದ್ದರು. ಹನ್ನೆರಡು ಜನರ ಮುಂದೆ!

ಈ ಜೂನ್‌ನಲ್ಲಿ, ನಮ್ಮ ಕಡೆಯ ಕಡು ಚಳಿಗಾಲದಲ್ಲಿ, ಅವರಿಗೆ ಎಂಬತ್ತೊಂದು. ಮೂರು ದಿನ ಕೆಸರಲ್ಲಿ ತೆವಳಿ ಎಳೆಯ ಜಿಂಕೆಯೊಂದನ್ನು ನಾನೇ ಹೊಡೆದು ತಂದೆ. ತೊಡೆಯ ಮೂಳೆ ಬಿಡಿಸಿ ರಾತ್ರಿಯಿಡೀ ಕೆಂಪು ವೈನಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಏಳಕ್ಕೆ ಕರೆಂಟಿನ ಸ್ಲೋ ಕುಕ್ಕರ್‌ಗೆ ಇಳಿಸಿದೆ. ಸಂಜೆ ಆರರವರೆಗೆ ಸಣ್ಣ ಕಾವು, ಮುಚ್ಚಳ ಭದ್ರ. ಇಷ್ಟೇ ಗುಟ್ಟು!

ಏಳೂವರೆಗೆ ನೊಲೀನ್ ಮುಚ್ಚಳ ತೆಗೆದು ಮೂಗು ಇಳಿಬಿಟ್ಟಳು.

"ಮುಚ್ಚು! ಒಂದು ಸಲ ತೆಗೆದ್ರೆ ಅರ್ಧ ಗಂಟೆ ಕಾವು ಹೋಗುತ್ತೆ!"

"ವಾಸನೆ ನೋಡಿದೆ ಅಷ್ಟೇ. ಮೂಗಿಗೂ ಲೈಸೆನ್ಸ್ ಬೇಕಾ?"

ಎಂಟಕ್ಕೆ ಪಕ್ಕದ ಮನೆಯ ಮರ್ಟಲ್ ಮೊಟ್ಟೆ ಕೊಡಲು ಬಂದವಳು ಮುಚ್ಚಳ ಎತ್ತಿ ಬೆರಳನ್ನೇ ಅದ್ದಿಬಿಟ್ಟಳು! ನೆಕ್ಕಿ, "ಉಪ್ಪು ಕಮ್ಮಿ" ಎಂದು ತೀರ್ಪು ಬೇರೆ!

ನನ್ನ ತಾಳ್ಮೆಯ ಮುಚ್ಚಳ ಹಾರಿತು. ಪ್ಲಗ್ಗು ಕಿತ್ತೆ. ಕುಕ್ಕರನ್ನು ಎದೆಗವಚಿಕೊಂಡು ಹಿತ್ತಲಿನ ಬಟ್ಟೆ ಒಗೆಯುವ ಕೋಣೆಗೆ ಒಯ್ದೆ. ಅಲ್ಲಿ ಪ್ಲಗ್ಗು ತುರುಕಿ, ಬಾಗಿಲಿಗೆ ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡು, ಬಾಗಿಲೆದುರು ಕುರ್ಚಿ ಎಳೆದು ಕೂತೆ. ಹಿಮಗಾಳಿ ಕಿವಿ ಕಚ್ಚುತ್ತಿತ್ತು. ಕಚ್ಚಲಿ! ಖಜಾನೆ ಕಾಯುವವನೂ ಹೀಗೆ ಕಾದಿರಲಾರ.

ಒಂಬತ್ತಕ್ಕೆ ನೊಲೀನ್ ಬಂದು ಆ ಕೋಣೆಯ ಕಿಟಕಿಯೊಳಗೆ ಇಣುಕಿದಳು. "ಫರ್ಗಸ್, ಆ ಕುಕ್ಕರ್..."

"ಆ ಹೆಸರೇ ಎತ್ತಬೇಡ!"

ಹನ್ನೊಂದಕ್ಕೆ ಮತ್ತೆ ಬಂದಳು. "ಒಂದೇ ಒಂದು ಮಾತು, ಮಾರಾಯ..."

"ಅರ್ಧ ಮಾತೂ ಬೇಡ! ನಡಿ ಒಳಗೆ!"

ಮಧ್ಯಾಹ್ನ ಮೂರನೇ ಸಲ ಬಂದಾಗ ನಾನು ಎರಡೂ ಕಿವಿಗೆ ಬೆರಳಿಟ್ಟುಕೊಂಡೆ. ಅವಳು ಸೊಂಟದ ಮೇಲೆ ಕೈಯಿಟ್ಟು ಒಂದು ನಿಮಿಷ ನಿಂತಿದ್ದು, ಏನೋ ಗೊಣಗಿ ಹೊರಟುಹೋದಳು. ಗೆದ್ದೆ ಎಂದುಕೊಂಡೆ!

ಸಂಜೆ ಆರು. ಮಾವ ಕೋಲೂರಿಕೊಂಡು ಬಂದು ಮೇಜಿನ ತುದಿಯಲ್ಲಿ ಕೂತರು. ನಾನು ಕುಕ್ಕರನ್ನು ಕಿರೀಟದಂತೆ ತಂದಿಟ್ಟು, ಎಲ್ಲರನ್ನೂ ಒಮ್ಮೆ ದಿಟ್ಟಿಸಿ, ಮುಚ್ಚಳ ಎತ್ತಿದೆ.

ಹಬೆ ಬರಲಿಲ್ಲ. ಘಮವೂ ಬರಲಿಲ್ಲ. ಬೆಳಿಗ್ಗೆ ಇಟ್ಟ ತೊಡೆ ಕೆಂಪಗೆ, ತಣ್ಣಗೆ ಮಲಗಿತ್ತು!

"ಕರೆಂಟೇ ಸರಿ ಇಲ್ಲ!" ಎಂದು ಅಬ್ಬರಿಸಿದೆ. "ಈ ಕುಕ್ಕರ್ ದರಿದ್ರ! ಆ ಮರ್ಟಲ್ ಬೆರಳು ಹಾಕಿದ್ದಕ್ಕೇ ಇದೆಲ್ಲ!"

ನೊಲೀನ್ ನನ್ನನ್ನು ತೋಳು ಹಿಡಿದು ಹಿತ್ತಲಿನ ಆ ಕೋಣೆಗೆ ಕರೆದೊಯ್ದಳು. ಗೋಡೆಯ ಸ್ವಿಚ್ಚನ್ನು ಒಂದು ಬೆರಳಿನಿಂದ ಒತ್ತಿದಳು. ಟಕ್!

"ನೀನು ಪ್ಲಗ್ಗು ಹಾಕಿದ್ದೆ. ಸ್ವಿಚ್ ಹಾಕಿರ್ಲಿಲ್ಲ. ಕುಕ್ಕರ್ ದೀಪ ಉರೀತಿಲ್ಲ ಅಂತ ಹೇಳೋಕೆ ನಾನು ಮೂರು ಸಲ ಬಂದೆ. ಬೆಳಿಗ್ಗೆಯಿಂದ ಈ ಮನೇಲಿ ಕುದಿದಿರೋದು ನೀನೊಬ್ಬನೇ!"

ಸಿಟ್ಟು ಇನ್ನೂ ಇತ್ತು, ಆದರೆ ಯಾರ ಮೇಲೆ ಹಾಕುವುದು? ಮೂರು ದಿನದ ಕೆಸರು, ಹತ್ತು ಗಂಟೆಯ ಚಳಿ, ಆ ಮುದುಕರು ಆಸೆಯಿಂದ ಕಾಯುತ್ತಿರುವ ಊಟ. ಕಣ್ಣಲ್ಲಿ ನೀರು ಬಂತು. ಗಾಳಿಗೆ ಅಂದುಕೊಳ್ಳಲಿ ಎಂದು ಮುಖ ತಿರುಗಿಸಿದೆ.

ಒಳಗೆ ಬಂದರೆ ಮಾವ ಒಲೆಯ ಮುಂದೆ ನಿಂತಿದ್ದಾರೆ! ತೊಡೆಯನ್ನು ಎಳೆಗೆ ಅಡ್ಡವಾಗಿ ಕಾಗದದಷ್ಟು ತೆಳ್ಳಗೆ ಕೊಯ್ದು, ಕಾದ ಬೆಣ್ಣೆಗೆ ಹಾಕುತ್ತಿದ್ದಾರೆ. ಎರಡು ನಿಮಿಷ, ಅಷ್ಟೇ. ಮೊದಲ ತುಂಡನ್ನು ತಾವೇ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು.

"ಗುಡ್ಡದ ಮೇಲೆ ಗುಡಿಸಲಲ್ಲಿ ಹೀಗೇ ತಿಂತಿದ್ವಿ," ಎಂದರು. ಎಲ್ಲರೂ ತಟ್ಟೆ ಚಾಚಿದರು, ಅಷ್ಟು ರುಚಿ. ತಟ್ಟೆಗಳು ಖಾಲಿಯಾದವು. ಮಾವ ಮೂರು ಸಲ ಹಾಕಿಸಿಕೊಂಡರು.

"ಮಾವ, ಮುಂದಿನ ವರ್ಷ ಸರಿಯಾಗಿ ಮಾಡ್ತೀನಿ," ಎಂದೆ, ತಲೆ ತಗ್ಗಿಸಿ.

ಅವರು ನನ್ನ ಬೆನ್ನು ತಟ್ಟಿದರು.

"ನೀನೇ ಮಾಡಪ್ಪ, ಫರ್ಗಸ್. ವೈನಲ್ಲಿ ನೆನೆಸು, ಕುಕ್ಕರ್‌ಗೆ ಹಾಕು, ಬೀಗ ಹಾಕ್ಕೊಂಡು ಇಡೀ ದಿನ ಕಾವಲು ಕೂತ್ಕೋ. ಆದ್ರೆ ದೇವರಾಣೆಗೂ ಸ್ವಿಚ್ ಮಾತ್ರ ಹಾಕಬೇಡ!"