ಅತ್ತೆಯವರ ದನಿ ದುರಸ್ತಿ

ದೇವರ ಮುಂದೆ ಕೂತು ಹಾಡುವವರ ನಡುವೆ ನಗು ಬರುವಂಥದ್ದು ನಡೆಯುತ್ತಲೇ ಇರುತ್ತದೆ. ನಡೆಸುವವನೂ ಅವನೇ ಎಂದು ನನ್ನ ನಂಬಿಕೆ. ದಿನವೂ ಬೆಳಗಿನ ಐದಕ್ಕೆ ನಮ್ಮ ಹಾಡು ಕೇಳಬೇಕಾದವನಿಗೆ ಅಷ್ಟಾದರೂ ಮನರಂಜನೆ ಬೇಡವೆ?

ಶಹಾಬಾದಿನ ನಮ್ಮ ಓಣಿಯ ಈಶ್ವರ ಗುಡಿಯಲ್ಲಿ ಹೆಂಗಸರ ಭಜನಾ ಮಂಡಳಿ ಇದೆ. ನಮ್ಮ ಅತ್ತೆಯವರು ಮುಂದೆ ಹಾಡುವವರು, ನಾನು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವವಳು. ನಲವತ್ತು ವರ್ಷದಲ್ಲಿ ಅವರು ಬೆಳಗಿನ ಹಾಡು ತಪ್ಪಿಸಿದ್ದು ಹೆರಿಗೆ, ಸೂತಕಗಳಲ್ಲಿ ಮಾತ್ರ. ಈಗ ಮೊಣಕಾಲು ನೋವಿನಿಂದ ಗುಡಿಯ ಮೆಟ್ಟಿಲು ಹತ್ತಲು ಆಗುತ್ತಿಲ್ಲ.

"ಕಾಲು ಹೋದ್ರ ಹೋಗ್ಲಿ, ನನ್ನ ದನಿ ಆದ್ರೂ ದಿನಾ ಅವನ ಹತ್ರ ಹೋಗ್ಬೇಕವ್ವಾ" ಎಂದರು.

ನಾನು ಗುಡಿಯ ಕಮಿಟಿ ಅಧ್ಯಕ್ಷರನ್ನು ಕೇಳಿದೆ. ಅವರು, "ರೆಕಾರ್ಡ್ ಮಾಡ್ಸಿಕೊಂಡು ಬರ್ರಿ. ಸುರ್ ಶುದ್ಧ ಇದ್ರ ದಿನಾ ಮುಂಜಾನೆ ಸ್ಪೀಕರಿನಾಗ ಹಚ್ತೀವಿ. ಇಲ್ಲಂದ್ರ ಪ್ಯಾಟ್ಯಾಗ ಸಿಗೋ ಹಾಡು ಹಚ್ಚೋದೇ" ಎಂದರು.

ನಮ್ಮ ಕಷ್ಟವೆಲ್ಲ ಆ 'ಇದ್ರ' ಎಂಬುದರಲ್ಲಿತ್ತು.

ಮನೆಯ ರಾಗ

ಅತ್ತೆಯವರು ಹಾಡು ಶುರು ಮಾಡುವುದು ಪೇಟಿಯ ಕರಿ ಎರಡರಲ್ಲಿ, ಅಂದರೆ ಎರಡನೆಯ ಕಪ್ಪು ಮನೆಯಲ್ಲಿ. ಮೂರನೆಯ ನುಡಿಗೆ ಬರುವಷ್ಟರಲ್ಲಿ ಭಕ್ತಿ ಏರುತ್ತದೆ, ಭಕ್ತಿಯ ಸಂಗಡ ದನಿಯೂ ಏರುತ್ತದೆ. ಮಂಗಳ ಹಾಡುವಾಗ ಕರಿ ಮೂರರಲ್ಲಿ ಇರುತ್ತಾರೆ. ಸೊಸೆಯಾದ ನಾನು ತಪ್ಪು ತೋರಿಸುವುದು ಹೇಗೆ? ಸುಮ್ಮನೆ ಬೆರಳು ಸರಿಸುತ್ತಾ ಅವರ ಹಿಂದೆ ಹೋಗುತ್ತೇನೆ. ಇಪ್ಪತ್ತೆರಡು ವರ್ಷದಿಂದ ಇದೇ ನನ್ನ ಸೇವೆ.

ಒಮ್ಮೆ ಚಿತ್ತಾಪುರದಿಂದ ಬಂದ ಕೀರ್ತನಕಾರರೊಬ್ಬರು ನಮ್ಮ ಹಾಡನ್ನು ಕಣ್ಣು ಮುಚ್ಚಿ ಕೇಳಿದರು. ನಡುವೆ ಕಣ್ಣು ತೆರೆದರು. ಕೊನೆಗೆ ಕೈ ಮುಗಿದು, "ಇದು ಯಾವ ರಾಗ, ತಾಯಿ?" ಎಂದರು.

ಅತ್ತೆಯವರು ಸೆರಗು ಸರಿಮಾಡಿಕೊಂಡು ಹೇಳಿದರು: "ಹೊರಗಿಂದು ಅಲ್ರಿ, ನಮ್ಮ ಮನಿದೇ."

ಬೋರ್ಡಿನ ಮಾತು

ವಾಡಿಯಲ್ಲಿ ಸ್ಟೇಷನ್ ಹತ್ತಿರ ಒಂದು ರೆಕಾರ್ಡಿಂಗ್ ಕೋಣೆ ಇದೆ ಎಂದು ಯಾರೋ ಹೇಳಿದರು. ಅದನ್ನು ನಡೆಸುವವರು ಮೊದಲು ಮದುವೆಯ ಬ್ಯಾಂಡಿನಲ್ಲಿ ಹಾಡುತ್ತಿದ್ದ ಒಬ್ಬ ಭಾಯಿ. ಹಾಡಿದವರ ದನಿ ತಪ್ಪಿದ್ದರೆ ಕಂಪ್ಯೂಟರಿನಲ್ಲಿ ಸರಿಮಾಡಿ ಕೊಡುತ್ತಾರಂತೆ. ಬಾಗಿಲ ಮೇಲೆ ಬೋರ್ಡ್: 'ಇಲ್ಲಿ ದನಿ ದುರಸ್ತಿ ಮಾಡಲಾಗುವುದು.'

ನಾವು ಹೋದಾಗ ತೆಂಗಳಿಯಿಂದ ಬಂದ ಒಬ್ಬರು ಕೆಟ್ಟ ಸ್ಪೀಕರ್ ತಂದು ಕೂತಿದ್ದರು. ಇನ್ನೊಬ್ಬರು ಸೇಡಂ ಬಜಾರಿನಲ್ಲಿ ತೊಗರಿ ಹರಾಜಿನ ಸವಾಲು ಕೂಗುವವರು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಭಾಯಿ ಬಂದ ಕೂಡಲೇ ಅವರು ಬೆಳಕಿನ ಕಡೆ ಮುಖ ಮಾಡಿ, ಬಾಯಿ ತೆರೆದು "ಆ..." ಎಂದರು.

"ನಾ ಡಾಕ್ಟರ್ ಅಲ್ರಿ!" ಎಂದರು ಭಾಯಿ.

"ಮತ್ತ ದನಿ ದುರಸ್ತಿ ಅಂತ ಬರ್ಸೀರಲ್ಲ?"

"ಅದು ಕಂಪ್ಯೂಟರಿನಾಗ ಮಾಡೋದ್ರಿ."

ಸವಾಲಿನವರು ಒಡಕು ದನಿಯಲ್ಲೇ, "ದನಿ ಇರೋದು ಗಂಟಲಾಗ, ದುರಸ್ತಿ ಕಂಪ್ಯೂಟರಿನಾಗ. ಭಲೇ ಧಂಧಾ ಹಿಡದೀರಿ ಬಿಡ್ರಿ!" ಎಂದು ಎದ್ದು ಹೋದರು. ಸ್ಪೀಕರಿನವರು ಮಾತ್ರ ಏಳಲಿಲ್ಲ. ಅವರ ಸ್ಪೀಕರನ್ನು ಭಾಯಿ ಬಿಚ್ಚಿ ಸರಿಮಾಡಿ ಕೊಟ್ಟರು. ಬೋರ್ಡಿನ ಮಾನ ಉಳಿಯಬೇಕಲ್ಲ.

ಎಣ್ಣೆ ಹುಡುಕಿದವನು

"ಈ ದುರಸ್ತಿ ಹ್ಯಾಂಗ ಬಂತಪ್ಪಾ?" ಎಂದು ಅತ್ತೆಯವರು ಕೇಳಿದರು. ಭಾಯಿ ಕುರ್ಚಿ ಎಳೆದುಕೊಂಡು ಕೂತರು.

"ಮೊದಲ ಹಾಡೋರು ತಪ್ಪಿದ್ರ ಮತ್ತ ಮತ್ತ ಹಾಡಸ್ತಿದ್ರಮ್ಮಾ. ಟೇಪು ಕತ್ತರಿಸಿ ಚಲೋ ಇದ್ದ ತುಕಡಿ ಜೋಡಸ್ತಿದ್ರು. ಆಮ್ಯಾಲ ಪರದೇಶದಾಗ ಒಬ್ಬಾತ ಬಂದ. ಅವನ ಕಸುಬು ಹಾಡೋದಲ್ಲ. ನೆಲದಾಗ ಸಪ್ಪಳ ಬಿಟ್ಟು, ತಿರುಗಿ ಬಂದ ಸಪ್ಪಳ ಕೇಳಿ, ಎಣ್ಣಿ ಎಲ್ಲಿ ಅದ ಅಂತ ಹುಡುಕೋದು. ಅದೇ ಲೆಕ್ಕ ಮನಷ್ಯಾರ ದನಿಗಿ ಹಚ್ಚಿ ಇದನ್ನ ಮಾಡಿದ."

"ನಮ್ಮಲ್ಲಿ ತೆಂಗಿನಕಾಯಿ ಹಿಡದು ಬೋರಿಗಿ ನೀರು ನೋಡ್ತಾರಲ್ಲ, ಹಂಗೇನು?"

"ಹಂಗೇ ಅನ್ರಿ. ಮೊದಲ ಎಲ್ಲಾರೂ ಮುಚ್ಚಿ ಮಾಡ್ಸಿಕೊಳ್ತಿದ್ರು. ಒಬ್ಬಾಕಿ ಹಾಡಿಗಿ ಈ ದುರಸ್ತಿ ಜಾಸ್ತಿನೇ ಮಾಡಿ ಇಟ್ರು, ದನಿ ಯಂತ್ರದಂಗ ಆತು. ಜನಕ್ಕ ಅದೇ ಸೇರ್ತು! ಈಗ ಸುರ್ ಬರೋರೂ ಯಂತ್ರದ ದನಿನೇ ಬೇಕಂತಾರ."

ಅತ್ತೆಯವರು ಹಾಡಲು ಗಂಟಲು ಸರಿಮಾಡಿಕೊಂಡರು. "ನನ್ನ ಗಂಟಲಾಗೂ ಹುಡುಕ್ಲಿ. ಎಣ್ಣಿ ಸಿಕ್ರ ಹೇಳಪ್ಪಾ, ಮೊಣಕಾಲಿಗಿ ತಿಕ್ಕೋತೀನಿ."

ನೆಟ್‌ವರ್ಕ್

ವಾಡಿಯೆಂದರೆ ಜಂಕ್ಷನ್. ಅತ್ತೆಯವರು ಬಾಯಿ ತೆರೆದಾಗೆಲ್ಲ ಯಾವುದಾದರೊಂದು ಗೂಡ್ಸ್ ಗಾಡಿ ಸೀಟಿ ಹೊಡೆಯುತ್ತಿತ್ತು. ಗಾಡಿ ದಾಟಲೆಂದು ಕಾಯುವಾಗ ಭಾಯಿ ಚಿಂಚೋಳಿ ಕಡೆಯ ಒಬ್ಬ ಮದುಮಗನ ಕಥೆ ಹೇಳಿದರು.

ಆತ ಇಲ್ಲಿ ಒಂದು ಪ್ರೇಮಗೀತೆ ಹಾಡಿ, ಪೂರ್ತಿ ದುರಸ್ತಿ ಮಾಡಿಸಿ, ಗೊತ್ತುಮಾಡಿದ ಹುಡುಗಿಗೆ ಫೋನಿನಲ್ಲಿ ಕಳಿಸಿದನಂತೆ. ಹುಡುಗಿ ಮನೆಯವರೆಲ್ಲ ಕೇಳಿ ಹಿಗ್ಗಿದರು. ನಿಶ್ಚಯದ ದಿನ ಚಾಪೆ ಹಾಸಿ ಕೂಡಿಸಿ, "ಅಳಿಯಾಂದ್ರು ಒಂದು ಹಾಡ್ರಿ" ಎಂದರು. ತಪ್ಪಿಸಿಕೊಳ್ಳಲು ದಾರಿ ಇಲ್ಲ. ಹಾಡಿದ. ಎರಡು ಸಾಲಿಗೆ ಚಾಪೆಯ ಆ ಕಡೆ ಒಬ್ಬೊಬ್ಬರೇ ಮುಖ ತಗ್ಗಿಸಿದರು. ಹುಡುಗಿಯ ಅಜ್ಜಿ ತಡೆಯದೆ ಕೇಳಿಯೇ ಬಿಟ್ಟಳು: "ಫೋನಿನಾಗ ಅಷ್ಟು ಚಂದ ಇತ್ತು, ಈಗ ಯಾಕಪ್ಪಾ ಹಿಂಗ?"

ಹುಡುಗ ಅಂಜಲಿಲ್ಲವಂತೆ. "ನಿಮ್ಮೂರಾಗ ನೆಟ್‌ವರ್ಕ್ ಭಾಳ ಕಮ್ಮಿ ಅದ್ರಿ" ಎಂದ.

ಈಕಿ ಯಾರು?

ಅಂತೂ ಆರನೆಯ ಸಲ ಹಾಡು ಪೂರ್ತಿಯಾಯಿತು. ಅತ್ತೆಯವರು ಕೊನೆಯ ಸಾಲು ಮುಗಿಸಿ ಬಾಯಿ ಮುಚ್ಚಿದ ಕೂಡಲೇ ಹೊರಗೆ ಗಾಡಿ ಉದ್ದಕ್ಕೆ ಸೀಟಿ ಹೊಡೆಯಿತು. "ಇರ್ಲಿ, ಅಳಸ್ತೀನಿ" ಎಂದರು ಭಾಯಿ.

ನಾಲ್ಕು ದಿನಕ್ಕೆ ದುರಸ್ತಿಯಾದ ಹಾಡು ನನ್ನ ಫೋನಿಗೆ ಬಂತು. ಅಂಗಳದಲ್ಲಿ ಕೂತು ಹಚ್ಚಿದೆ. ಒಂದೂ ಸ್ವರ ಅತ್ತಿತ್ತ ಇಲ್ಲ, ಕೊರೆದು ಇಟ್ಟ ಹಾಗೆ. ಅತ್ತೆಯವರು ತಲೆದೂಗುತ್ತಾ ಕೇಳಿ, "ಭಾಳ ಚಂದ ಹಾಡ್ಯಾಳ. ಈಕಿ ಯಾರವ್ವಾ?" ಎಂದರು.

"ನೀವೇ, ಅತ್ತಿ."

ಅವರು ಕೈಯಲ್ಲಿದ್ದ ಚಹಾ ಕೆಳಗಿಟ್ಟರು. "ನಲವತ್ತು ವರ್ಷ ಅವ ನನ್ನ ದನಿ ಕೇಳ್ಯಾನ. ನಾಳಿ ಈಕಿ ಹಾಡಿದ್ರ, ಮುದುಕಿ ಸತ್ತಳು, ಅವಳ ಜಾಗಕ್ಕ ಬ್ಯಾರೆ ಯಾರೋ ಬಂದಾಳ ಅಂತ ತಿಳಕೋತಾನ" ಎಂದರು.

"ಹಂಗಲ್ಲ ಅತ್ತಿ, ಜರಾ ದನಿ ಏರ್ತಿತ್ತು, ಅದಕ್ಕ..."

"ನಾ ಏರ್ತೀನಿ ಅಂತ ನನಗ ಗೊತ್ತಿಲ್ಲೇನು? ಪೇಟಿ ಮ್ಯಾಲ ನಿನ್ನ ಬಟ್ಟು ಸರಿಯೋದು ದಿನಾ ನೋಡೀನಿ."

ನನ್ನ ಕಣ್ಣು ತುಂಬಿತು. ಇಪ್ಪತ್ತೆರಡು ವರ್ಷ ಗುಟ್ಟಾಗಿ ಮಾಡಿದ ಸೇವೆ ಅವರಿಗೆ ಮೊದಲ ದಿನದಿಂದ ಗೊತ್ತಿತ್ತು. ಅವರು ನನ್ನ ಕೈ ಹಿಡಿದು, "ಇಷ್ಟು ವರ್ಷ ನೀ ಏನೂ ಅನ್ಲಿಲ್ಲ, ಅವನೂ ಏನೂ ಅನ್ಲಿಲ್ಲ. ಈ ಕಂಪ್ಯೂಟರ್ ಡಬ್ಬಿಗೇನು ತ್ರಾಸು?" ಎಂದರು.

ಶುದ್ಧ ಶಂಖ

ಮತ್ತೆ ವಾಡಿಗೆ ಹೋದೆವು. ಭಾಯಿ ಹಣೆ ಹಿಡಿದುಕೊಂಡರು. "ತಪ್ಪು ತಗಸ್ಲಿಕ್ಕ ಬರೋರನ್ನ ದಿನಾ ನೋಡ್ತೀನಿ. ತಗದ ತಪ್ಪು ತಿರುಗಿ ಹಾಕಸ್ಲಿಕ್ಕ ಬಂದೋರು ನೀವೇ ಮೊದಲ, ಅಮ್ಮಾ!" ಆದರೂ ಹಾಕಿದರು. ಅತ್ತೆಯವರ ಮೂಲ ದನಿಗೆ ನಾನು ಪೇಟಿ ನುಡಿಸಿದೆ, ಎಂದಿನಂತೆ ಕರಿ ಎರಡರಿಂದ ಕರಿ ಮೂರಕ್ಕೆ ಸರಿಯುತ್ತಾ.

ಕೊನೆಗೆ ಕೇಳುವಾಗ ಗಾಡಿಯ ಸೀಟಿ ಹಾಗೇ ಇತ್ತು. ಆದರೆ ಕಿವಿಗೆ ಹಿತವಾಗಿತ್ತು. ಭಾಯಿ ನಕ್ಕರು: "ಅಳಸ್ಲಿಕ್ಕ ಮನಸ್ಸು ಬರ್ಲಿಲ್ಲಕ್ಕಾ. ಅಮ್ಮ ಯಾವ ಸುರಿನಾಗ ಮುಗಸ್ಯಾರೋ ಅದೇ ಸುರಿಗಿ ಗಾಡಿ ತಂದು ನಿಂದ್ರಿಸೀನಿ. ದುರಸ್ತಿ ಅದಕ್ಕಷ್ಟೇ."

ಕಮಿಟಿಯವರು ಗುಡಿಯ ಮಂಟಪದಲ್ಲಿ ಕೂತು ಕೇಳಿದರು. ಅತ್ತೆಯವರಿಗೆ ಕೆಳಗೆ, ಮೊದಲ ಮೆಟ್ಟಿಲ ಬಳಿ ಕುರ್ಚಿ ಹಾಕಿದ್ದೆ. ಅವರ ದನಿ ಏರಿದಂತೆ ಅಧ್ಯಕ್ಷರ ಹುಬ್ಬೂ ಏರಿತು. ಮೂರನೆಯ ನುಡಿಗೆ ಅವರು ಪಕ್ಕದವರ ಮುಖ ನೋಡಿದರು. ನಾನು ಲಿಂಗದ ಕಡೆ ನೋಡಿ, 'ಇನ್ನು ನೀನೇ ಕಾಯಬೇಕಪ್ಪಾ' ಎಂದುಕೊಂಡೆ. ಹಾಡು ಮುಗಿಯಿತು. ಅದೇ ಸ್ವರದಲ್ಲಿ ಉದ್ದಕ್ಕೆ ಗಂಭೀರವಾಗಿ ಸೀಟಿ ಕೇಳಿತು.

ಅಧ್ಯಕ್ಷರು ಥಟ್ಟನೆ ಕೈ ಮುಗಿದರು. "ಆಹಾ, ಶಂಖ! ಸುರ್ ಅಂದ್ರ ಇದು! ಯಾರು ಊದ್ಯಾರ್ರಿ?"

ಗುಡಿಯೊಳಗೆ ನಾನು ಸುಳ್ಳು ಹೇಳುವವಳಲ್ಲ. "ಅದು... ವಾಡಿ ಕಡೀದ್ರಿ" ಎಂದೆ.

"ಏನು ದಮ್ಮು! ಭಾಳ ವರ್ಷದ ಸಾಧನಾ ಇರ್ಬೇಕು."

"ದಿನಾ ಊದ್ತದ್ರಿ" ಎಂದೆ. ಅದೂ ಖರೆಯೇ.

ನಾನು 'ಊದ್ತಾರ' ಅನ್ನದೆ 'ಊದ್ತದ' ಅಂದದ್ದನ್ನು ಅವರು ಗಮನಿಸಲಿಲ್ಲ. "ನಾಳಿಂದ ಇದೇ ಹಾಡು ಹಚ್ರಿ. ಹಾಡು ಜರಾ ಅತ್ತಿತ್ತ ಆದ್ರೂ ಶಂಖ ಎಲ್ಲಾ ಹೊಂದಿಸ್ಯದ. ಶಿವರಾತ್ರಿಗಿ ಆ ಶಂಖ ಊದೋರನ್ನ ಇಲ್ಲಿಗೇ ಕರಸ್ರಿ, ಶಾಲು ಹೊದಿಸಿ ಸತ್ಕಾರ ಮಾಡೋಣ."

ಕೆಳಗಿನ ಮೆಟ್ಟಿಲಿಂದ ಅತ್ತೆಯವರ ದನಿ, ಕರಿ ಮೂರರಲ್ಲೇ, ಮೇಲೆ ಬಂತು:

"ಕರಸ್ರಿ, ಬರ್ತಾರ! ಆದ್ರ ಗುಡಿ ತನಕ ಹಳಿ ನೀವೇ ಹಾಕಸ್ಬೇಕು!"